ನೀಲಿ ಬಣ್ಣಕ್ಕಾಗಿ ಉಪವಾಸ

‘ಹಳ್ಳಿಯವರಿಗೆ ಆರೋಗ್ಯದ ಕಾಳಜಿಯೇ ಇಲ್ಲ’ ಎಂದು ಯಾರಾದರೂ ಅಂದರೆ ನನಗೆ ಈಗಲೂ ಮೈ ಉರಿಯುತ್ತದೆ. ನಮ್ಮವ್ವನಷ್ಟು ಕಾಳಜಿ ಮಾಡಿದವರನ್ನು ನಾನು ಕಂಡಿಲ್ಲ. ಆ ಕಾಳಜಿಯೇ ಅವಳಿಗೆ ಮುಳುವಾಯಿತು.

ಎಂಬತ್ತರ ದಶಕದ ಮೊದಲ ವರ್ಷಗಳು. ನಾನು ಮಾನ್ವಿಯಲ್ಲಿ ಶಾಲಾ ಶಿಕ್ಷಕಿ. ಅವ್ವ ದೇವದುರ್ಗ ತಾಲ್ಲೂಕಿನಲ್ಲಿ, ಗಬ್ಬೂರಿನ ಹತ್ತಿರದ ನಮ್ಮ ಹಳ್ಳಿಯಲ್ಲಿ ಅಣ್ಣನ ಜೊತೆ ಹೊಲಮನೆ ನೋಡಿಕೊಂಡಿದ್ದಳು. ಕಾಲಿನ ಹೆಬ್ಬೆರಳಿಗೆ ಆದ ಗಾಯ ಎರಡು ತಿಂಗಳಾದರೂ ಮಾಯದಿದ್ದಾಗ ಅವಳನ್ನು ರಾಯಚೂರಿಗೆ ಕರೆದುಕೊಂಡು ಹೋದೆ. ಅಲ್ಲಿನ ಡಾಕ್ಟರು ಸಕ್ಕರೆ ಕಾಯಿಲೆ ಎಂದರು. ಅದು ಹಿಡಿತಕ್ಕೆ ಬಾರದಿದ್ದರೆ ಬೆರಳು ಉಳಿಯುವುದಿಲ್ಲ ಎಂದೂ ಹೇಳಿದರು.

ಆಗ ಪರೀಕ್ಷೆ ಎಂದರೆ ಮೂತ್ರದ್ದೇ. ಕಂಪೌಂಡರ್ ಗಾಜಿನ ನಳಿಕೆಗೆ ನೀಲಿ ಔಷಧ ಹಾಕಿ, ಎಂಟು ಹನಿ ಮೂತ್ರ ಬಿಟ್ಟು ದೀಪದ ಮೇಲೆ ಕಾಯಿಸುತ್ತಿದ್ದ. ನೀಲಿಯಾಗಿಯೇ ಉಳಿದರೆ ಸಕ್ಕರೆ ಇಲ್ಲ. ಹಸಿರು, ಹಳದಿ ದಾಟಿ ಇಟ್ಟಂಗಿ ಕೆಂಪಿಗೆ ಹೋದರೆ ಬಹಳ ಇದೆ ಎಂದರ್ಥ. ಅವ್ವನದು ಕೆಂಪು. ಡಾಕ್ಟರು ನಳಿಕೆಯನ್ನು ಎತ್ತಿ ಹಿಡಿದು, ಬೆಂಚಿನ ಮೇಲೆ ಕೂತವರಿಗೆಲ್ಲ ಕೇಳುವಂತೆ, “ನೋಡ್ರಿ, ಈಕಿ ಹೊಟ್ಯಾಗ ಸಕ್ಕರಿ ಕಾರ್ಖಾನಿ ಇಟ್ಟಾಳ. ಅನ್ನ ಬಿಡ್ರಿ, ಸಿಹಿ ಬಿಡ್ರಿ ಅಂದ್ರ ಕೇಳ್ತೀರೇನು ನೀವು?” ಎಂದರು. ಮಂದಿ ನಕ್ಕರು. ಅವ್ವ ಸೆರಗು ಎಳೆದುಕೊಂಡು ತಲೆ ತಗ್ಗಿಸಿದಳು. ಸಕ್ಕರೆ ಇಳಿಸುವ ಗುಳಿಗೆ ಬರೆದುಕೊಟ್ಟು ಕಳಿಸಿದರು.

ಅನ್ನವಂತೆ! ನಮ್ಮ ಮನೆಯಲ್ಲಿ ಅಕ್ಕಿ ಬೇಯುತ್ತಿದ್ದುದೇ ಹಬ್ಬಕ್ಕೆ. ಜೋಳದ ರೊಟ್ಟಿ ತಿಂದು ದಿನವಿಡೀ ಬಗ್ಗಿ ಕಳೆ ತೆಗೆಯುವ ಹೆಂಗಸು ಎಷ್ಟು ತಿನ್ನಬೇಕು, ಯಾವಾಗ ತಿನ್ನಬೇಕು ಎಂದು ಆ ಪುಣ್ಯಾತ್ಮ ಒಂದು ಮಾತೂ ಹೇಳಲಿಲ್ಲ.

ಮುಂದಿನ ತಿಂಗಳು ಬಣ್ಣ ಹಸಿರಿಗೆ ಇಳಿಯಿತು. ಅದರ ಮುಂದಿನ ತಿಂಗಳು ಅಚ್ಚ ನೀಲಿ. “ಭೇಷ್! ಹಿಂಗಿರಬೇಕು ನೋಡವ್ವ” ಎಂದು ಡಾಕ್ಟರು ಗುಳಿಗೆಯನ್ನು ಅರ್ಧಕ್ಕೆ ಇಳಿಸಿದರು. ಅವ್ವನ ಮುಖ ಅರಳಿತು. ಗಾಯ ಹಾಗೇ ಇತ್ತು. ಅದರ ಪಟ್ಟಿ ಬಿಚ್ಚಿ ನೋಡುವಷ್ಟು ಪುರಸೊತ್ತು ಅವರಿಗಿರಲಿಲ್ಲ.

ನಾಲ್ಕನೇ ಸಲ ಹೋಗುವಾಗ ಬಸ್ಸಿನಲ್ಲಿ ಅವ್ವ ಗಡಗಡ ನಡುಗತೊಡಗಿದಳು. ಮೈಯೆಲ್ಲ ಬೆವರು. ಏನಾಯಿತೆಂದು ಗಾಬರಿಯಿಂದ ಕೇಳಿದೆ.

“ಏನಿಲ್ಲ ಬೇ. ಮೊನ್ನಿಯಿಂದ ಉಂಡಿಲ್ಲ, ಅದಕ್ಕ.”

“ಯಾಕ ಯವ್ವಾ?”

“ರೊಟ್ಟಿ ತಿಂದ್ರ ಕೆಂಪು ಬರ್ತದ. ಎರಡು ದಿನ ಬಿಟ್ರ ನೀಲಿ ಬರ್ತದ. ಮಂದ್ಯಾಗ ಅನ್ನಿಸಿಕೊಳ್ಳಾಕ ಆಗಂಗಿಲ್ಲ ನನಗ.”

ಬರಿಹೊಟ್ಟೆಗೆ ಆ ಗುಳಿಗೆ ಮಾತ್ರ ತಪ್ಪದೆ ನುಂಗಿದ್ದಳು! ಚೀಲದಲ್ಲಿದ್ದ ಬಾಳೆಹಣ್ಣು ಕೊಟ್ಟರೆ, “ಡಾಕ್ಟರ್ ನೋಡಿದ ಮ್ಯಾಲ ತಿಂತೀನಿ” ಎಂದು ನನ್ನ ಕೈ ದೂಡಿದಳು. ಅರ್ಧ ಹಣ್ಣು ನುಂಗಿಸುವಷ್ಟರಲ್ಲಿ ನನಗೆ ಸಾಕುಸಾಕಾಯಿತು. ಅವತ್ತೂ ನೀಲಿಯೇ ಬಂತು. ನಿಜ ಹೇಳಿದರೆ ಡಾಕ್ಟರು ಎಲ್ಲರೆದುರು ಮತ್ತೆ ಅವಳ ಮಾನ ಕಳೆಯುತ್ತಾರೆಂದು ನಾನೂ ಬಾಯಿ ಮುಚ್ಚಿಕೊಂಡು ಕೂತೆ. ನಾಲ್ಕಕ್ಷರ ಕಲಿತು ಮಕ್ಕಳಿಗೆ ಬುದ್ಧಿ ಹೇಳುವವಳು ನಾನು! ಅದಕ್ಕೆ ನನ್ನನ್ನು ನಾನು ಇನ್ನೂ ಕ್ಷಮಿಸಿಲ್ಲ.

ಸುಗ್ಗಿ ಮುಗಿಯುವ ಹೊತ್ತಿಗೆ ಬೆರಳು ಕಪ್ಪಾಯಿತು. ಕತ್ತರಿಸಿದರು. “ನೀಲಿ ಬರಾಕತ್ತಿತ್ತು, ಎಲ್ಲಾ ಛಲೋ ಇತ್ತು. ಮನ್ಯಾಗ ನೀವೇ ಕಾಳಜಿ ತಗೊಂಡಿಲ್ಲ” ಎಂದು ಡಾಕ್ಟರು ನನ್ನನ್ನೇ ಗದರಿದರು. ಅವ್ವ ಮಂಚದ ಮೇಲಿಂದಲೇ ಕೈ ಮುಗಿದು, “ತಪ್ಪಾತ್ರೀ ಯಪ್ಪಾ” ಎಂದಳು. ಅವಳ ತಪ್ಪೇನಿತ್ತು?

ಗಾಯ ಮಾಯ್ದ ಮೇಲೆ ಮತ್ತೆ ಪರೀಕ್ಷೆಗೆ ಹೋಗಬೇಕಾಯಿತು. ನಾನು ಎರಡು ದಿನ ಮೊದಲೇ ರಜೆ ಹಾಕಿ ಹಳ್ಳಿಗೆ ಹೋಗಿ, ಎದುರಿಗೆ ಕೂತು ಹೊತ್ತುಹೊತ್ತಿಗೆ ಉಣ್ಣಿಸಿದೆ. ಪರೀಕ್ಷೆಯ ದಿನ ಬೆಳಿಗ್ಗೆ ರೊಟ್ಟಿ, ಪುಂಡಿ ಪಲ್ಯ ಕಟ್ಟಿಕೊಂಡು ಬಂದು ರಾಯಚೂರಿನ ಬಸ್ ಸ್ಟ್ಯಾಂಡಿನಲ್ಲಿ ಅವಳ ಮುಂದೆ ಬಿಚ್ಚಿಟ್ಟೆ. “ಬ್ಯಾಡ ಬೇ, ಬೈತಾರ” ಎನ್ನುತ್ತಲೇ ತಿಂದಳು.

ನಳಿಕೆ ಇಟ್ಟಂಗಿ ಕೆಂಪಾಯಿತು. ಡಾಕ್ಟರು ಅದನ್ನು ಮೇಲೆತ್ತಿ ಬಾಯಿ ತೆರೆಯುವಷ್ಟರಲ್ಲಿ ನಾನು ಎದ್ದು ನಿಂತೆ.

“ಇದು ಖರೇ ಬಣ್ಣರೀ. ನಿಮ್ಮ ಬೈಗುಳಕ್ಕ ಅಂಜಿ ನಮ್ಮವ್ವ ಇಷ್ಟು ದಿನ ಉಪವಾಸ ಬಿದ್ದು ನೀಲಿ ಮಾಡಿ ತೋರಿಸ್ಯಾಳ. ಈಗ ಈ ಕೆಂಪಿಗೆ ಗುಳಿಗಿ ಬರೀರಿ.”

ನನ್ನ ದನಿ ನನಗೇ ಗುರುತು ಸಿಗದಷ್ಟು ಏರಿತ್ತು. ಅವ್ವ ನನ್ನ ಸೀರೆ ಜಗ್ಗುತ್ತಿದ್ದಳು. ಡಾಕ್ಟರು ನಳಿಕೆ ಕೆಳಗಿಟ್ಟು ಚೀಟಿ ಎಳೆದುಕೊಂಡರು. ಬೆಂಚಿನ ತುದಿಯಲ್ಲಿ ಕೂತಿದ್ದ ಮುದುಕನೊಬ್ಬ ಆಗ ಮೆಲ್ಲಗೆ ಎದ್ದ.

“ನಾನೂ ನಿನ್ನಿಯಿಂದ ಉಂಡಿಲ್ರೀ ಸಾಹೇಬ್ರ” ಎಂದ.