ಅಣ್ಣನ ಬಾಗಿಲ ಮುಂದೆ ನಿಲ್ಲಿಸದ ಕೈ

ಸಭೆಯ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ, ನಾನು ಹಲಗೆ ಬಾರಿಸುವುದನ್ನು ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಒಡಹುಟ್ಟಿದ ಅಣ್ಣ ಕೈ ಮುಗಿದು ಕೇಳಿದರೂ ನಿಲ್ಲಿಸಲಿಲ್ಲ. ನಾನು ನಾಲ್ಕನೆಯ ತರಗತಿಯವರೆಗೆ ಓದಿದವನು. ಅಕ್ಷರ ತಪ್ಪಿದ್ದರೆ ತಿದ್ದಿಕೊಂಡು ಓದಿರಿ. ನನ್ನ ಪಾಪವನ್ನು ಮಾತ್ರ ಹಗುರ ಮಾಡಿ ಓದಬೇಡಿರಿ.

ನಮ್ಮ ಊರು ಕಂಗ್ಟಿಯ ಡಾಂಬರು ರಸ್ತೆಯಿಂದ ಮೂರು ಮೈಲಿ ಒಳಗೆ. ಊರಮ್ಮನ ಮೆರವಣಿಗೆಗೆ ತೊಗಲಿನ ಹಲಗೆ ಬಾರಿಸುವುದು ಮುತ್ತಜ್ಜನ ಕಾಲದಿಂದ ನಮ್ಮ ಮನೆಯ ಪಾಲು. ಮೆರವಣಿಗೆ ಒಂದೊಂದು ಬಾಗಿಲಲ್ಲೂ ನಿಲ್ಲುತ್ತದೆ. ಮನೆಯವರು ಹೊರಗೆ ಬಂದು ನೀರೆರೆದು, ಕಾಯಿ ಒಡೆದು, ಹಣೆಗೆ ಅಮ್ಮನ ಅರಿಶಿನದ ಭಂಡಾರ ಹಚ್ಚಿಕೊಳ್ಳುವವರೆಗೆ ಹಲಗೆ ನಿಲ್ಲಬಾರದು. ಅದು ಊರ ಕಟ್ಟಳೆ.

ಅಣ್ಣ ಯೋಹಾನ ಮತ್ತು ನಾನು ಒಂದೇ ದಿನ, ಒಂದೇ ಕೆರೆಯಲ್ಲಿ ಯೇಸುವಿನ ಹೆಸರಿನಲ್ಲಿ ದೀಕ್ಷಾಸ್ನಾನ ಪಡೆದೆವು. ಮರುವಾರವೇ ಅಣ್ಣ ಹಲಗೆಯನ್ನು ಒಯ್ದು ಪಟೇಲರ ಕಟ್ಟೆಯ ಮೇಲೆ ಇಟ್ಟು, "ಇನ್ ಮ್ಯಾಲ ನನ್ ಕೈಲೆ ಆಗಂಗಿಲ್ರಿ" ಎಂದು ಹೇಳಿ ಬಂದ. ಅಂದಿನಿಂದ ಯಾರೂ ಅವನನ್ನು ಕೂಲಿಗೆ ಕರೆಯಲಿಲ್ಲ. ಅವನು ಇಟ್ಟುಬಂದ ಹಲಗೆಯನ್ನು ನಾನು ಎತ್ತಿಕೊಂಡೆ. ಭಾನುವಾರ ಪ್ರಾರ್ಥನೆಗೂ ಹೋದೆ, ಹಬ್ಬಕ್ಕೆ ಹಲಗೆಯನ್ನೂ ಬಾರಿಸಿದೆ. ಬಾರಿಸುವುದು ಕೈ, ಮನಸ್ಸಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಈ ಕಡೆಯ ಊರುಗಳು ಆಂಧ್ರಕ್ಕೆ ಸೇರಿ ಹತ್ತು ಹನ್ನೆರಡು ವರ್ಷವಾಗಿತ್ತು. ಆಷಾಢದ ಒಂದು ಮಂಗಳವಾರ ಮೆರವಣಿಗೆ ಅಣ್ಣನ ಬಾಗಿಲಿಗೆ ಬಂತು. ಬಾಗಿಲು ಮುಚ್ಚಿತ್ತು. ಪಟೇಲರು ನನ್ನ ಬೆನ್ನು ತಟ್ಟಿದರು.

"ಬಾರ್ಸೋ. ಎಷ್ಟೊತ್ತು ಒಳಗ ಕೂಡ್ತಾನ ನೋಡಮ್."

ಬಾರಿಸಿದೆ. ಅಣ್ಣ ಹೊರಗೆ ಬಂದ. ಅವನ ಆರು ವರ್ಷದ ಮಗಳು ರೂತಳಿಗೆ ಎರಡು ದಿನದಿಂದ ಜ್ವರವಿರುವುದು ನನಗೆ ಗೊತ್ತಿತ್ತು.

"ತಮ್ಮಾ, ಕೂಸಿಗಿ ಜ್ವರ ನೆತ್ತಿಗೇರ್ಯಾದ. ಕುತ್ತಿಗಿ ಕಟ್ಟಿಗಿ ಆದಂಗ ಆಗ್ಯಾದ. ಸಪ್ಪಳಕ್ಕ ಚೀರ್ಲಕತ್ಯಾಳ. ಜರಾ ನಿಲ್ಸಪ್ಪಾ" ಎಂದು ಕೈ ಮುಗಿದ.

ನಾನು ಪಟೇಲರ ಮುಖ ನೋಡಿದೆ. ಅವರು ನಕ್ಕರು.

"ಕಾಯಿ ಒಡಿ, ಭಂಡಾರ ಹಚ್ಕೊ. ಹಲಗಿ ನಿಲ್ತದ. ದವಾಖಾನಿಗಿ ನನ್ ಬಂಡೀನೇ ಕೊಡ್ತೀನಿ."

ಒಳಗಿನಿಂದ ಅಣ್ಣನ ಹೆಂಡತಿ, ವೈನಿ ಶಾಂತಮ್ಮ, ಮಗಳನ್ನು ಎತ್ತಿಕೊಂಡು ಓಡಿಬಂದಳು. "ಹಚ್ಕೊಳ್ರಿ! ಭಂಡಾರ ಏನ್ ಕಚ್ಚತದೇನ್ರಿ? ಕೂಸು ಸಾಯ್ತದ್ರಿ!"

ಅಣ್ಣ ಕೂಸಿಗೆ ಕೈ ಚಾಚಿದ. "ಶಾಂತಾ, ಇವತ್ತ ಇದಕ್ಕ ಹ್ಞೂಂ ಅಂದು, ನಾಳಿ ಆತನ ಮುಂದ ಯಾವ್ ಬಾಯಿಲೆ ಕೂಸಿನ ಬೇಡ್ಲಿ?" ಎಂದವನೇ ಮಗಳನ್ನು ಹೆಗಲಿಗೆ ಹಾಕಿಕೊಂಡು ಜನರ ನಡುವೆಯೇ ಹೊರಟ. ವೈನಿ ಅಳುತ್ತ ಹಿಂದೆ ನಡೆದಳು.

"ನಿನ್ ಯೇಸು ಬಂಡಿ ಕಟ್ಕೊಂಡ್ ಬರ್ತಾನೇನೋ ಯೋಹಾನಾ?" ಎಂದು ಯಾರೋ ಕೂಗಿದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಹೌದು, ನಕ್ಕೆ. ಅಣ್ಣ ಓಣಿ ದಾಟುವವರೆಗೆ ನನ್ನ ಕೈ ಬಾರಿಸುತ್ತಲೇ ಇತ್ತು.

ಮರುದಿನ ಬಾವಿಯ ಹತ್ತಿರ ಕುರಿ ಕಾಯುವ ಮಲ್ಲಣ್ಣ ಸಿಕ್ಕ. ನಮ್ಮ ಸಭೆಯವನಲ್ಲ.

"ಏನಪಾ ಹಲಗಿ ಸಾಹುಕಾರ! ನಿಮ್ಮಣ್ಣನ ಕೂಸಿನ ಅರ್ಧ ಹಾದಿ ನಾ ಹೊತ್ತೀನಿ. ನಿನ್ ಕೈ ಖಾಲಿ ಇರ್ಲಿಲ್ಲಂತ ಕೇಳ್ದೆ."

ನಾನು ತಿರುಗಿ ಹೊರಟೆ. ಅವನು ಬಿಡಲಿಲ್ಲ. "ನಮ್ ದೇವ್ರು ಬ್ಯಾರೆ, ನಿಮ್ ದೇವ್ರು ಬ್ಯಾರೆ. ಕೂಸು ಕೂಸೇ ಅಲ್ಲೇನೋ? ಬೀದರಿಗಿ ಒಯ್ದಾರ. ಬದುಕ್ತದೋ ಇಲ್ಲೋ."

ಆ ಮಾತಿನ ಮೇಲೆ ನನಗೆ ಊರಲ್ಲಿ ನಿಲ್ಲಲಾಗಲಿಲ್ಲ. ರಸ್ತೆಯವರೆಗೆ ಓಡಿದೆ. ತೊಗರಿ ಚೀಲಗಳ ನಡುವೆ ಒಂಟಿಗಾಲಲ್ಲಿ ನಿಂತು ಬೀದರಿನ ಬಸ್ಸಿನಲ್ಲಿ ಹೋದೆ. ಆಸ್ಪತ್ರೆಯ ಪಡಸಾಲೆಯಲ್ಲಿ ವೈನಿ ಕೂತಿದ್ದಳು. ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಹಲಗಿ ಎಲ್ಲಿಟ್ ಬಂದಿ?" ಅಂದಳು.

ಜ್ವರ ಮೆದುಳಿಗೆ ಹೋಗಿದೆ, ತರುವುದು ತಡವಾಗಿದೆ, ಆಸೆ ಇಟ್ಟುಕೊಳ್ಳಬೇಡಿ ಎಂದು ಡಾಕ್ಟರಮ್ಮ ಹೇಳಿದರು. ಅಣ್ಣ ಮಂಚದ ಕಾಲು ಹಿಡಿದು ನೆಲದ ಮೇಲೆ ಕೂತಿದ್ದ. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಹೊರಗೆ ನಳದ ಹತ್ತಿರದ ಕೆಸರಿನಲ್ಲಿ ಮೊಣಕಾಲೂರಿದೆ. ಅಷ್ಟು ವರ್ಷ ಸಭೆಗೆ ಹೋದರೂ ನನ್ನ ಸ್ವಂತ ಮಾತಿನಲ್ಲಿ ಪ್ರಾರ್ಥಿಸಿದ್ದು ಅದೇ ಮೊದಲು. "ಕರ್ತನೇ, ಬಾರಿಸಿದ ಈ ಕೈಯನ್ನು ತೆಗೆದುಕೋ, ಕೂಸನ್ನು ಬಿಡು. ಸಭೆಯ ಮುಂದೆ ಎಲ್ಲವನ್ನೂ ಒಪ್ಪಿಕೊಳ್ಳುತ್ತೇನೆ."

ಮರುದಿನ ಬೆಳಿಗ್ಗೆ ರೂತ ಕಣ್ಣು ಬಿಟ್ಟಳು. ಅಂಬಲಿ ಬೇಕೆಂದಳು. ಡಾಕ್ಟರಮ್ಮ ಎರಡು ಸಲ ಬಂದು ನೋಡಿದರು. ಅಣ್ಣ ನೆಲಕ್ಕೆ ಹಣೆ ಹಚ್ಚಿ ಸ್ತೋತ್ರ ಹೇಳಿದ. ಅಷ್ಟರಲ್ಲಿ ಕೂಸಿನ ಬೆನ್ನ ಹಿಂದೆ ನರ್ಸಿನ ಕೈಯಿಂದ ತಾಟು ಬಿತ್ತು. ನಾವೆಲ್ಲ ಬೆಚ್ಚಿದೆವು. ರೂತ ತಿರುಗಲಿಲ್ಲ. ಜ್ವರ ಅವಳ ಎರಡೂ ಕಿವಿಗಳನ್ನು ಒಯ್ದಿತ್ತು.

ಹಲಗೆಯಿಂದ ಹೀಗಾಗಿಲ್ಲ ಎಂದು ಡಾಕ್ಟರಮ್ಮ ಹೇಳಿದರು. ಇರಬಹುದು. ಆದರೆ ಸಪ್ಪಳ ತಡೆಯಲಾರದೆ ಆ ಕೂಸು ಚೀರುವಾಗ ಅವಳ ಸ್ವಂತ ಚಿಕ್ಕಪ್ಪನೇ ಬಾರಿಸುತ್ತಿದ್ದ.

ಹಲಗೆಯನ್ನು ಪಟೇಲರಿಗೆ ಒಪ್ಪಿಸಿದೆ. ನನ್ನ ಕೂಲಿಯೂ ನಿಂತಿತು. ಅದು ಸುಲಭವಾಗಿತ್ತು. ಸಭೆಯ ಮುಂದೆ ಬಾಯಿ ಬಿಡುವುದು ಆಗಲಿಲ್ಲ. ನಾನು ಬೇಡಿದ್ದನ್ನು ದೇವರು ಕೊಟ್ಟ ಮೇಲೂ ನಾನು ಮೂರು ತಿಂಗಳು ಹಿಂದಿನ ಚಾಪೆಯಲ್ಲಿ ಕಳ್ಳನಂತೆ ಕೂತೆ. ಕರ್ತನ ಭೋಜನದ ಭಾನುವಾರ ಯೇಸುವಿನ ನೆನಪಿಗೆ ಹಂಚುವ ರೊಟ್ಟಿಯನ್ನು ನಾನು ತೆಗೆದುಕೊಳ್ಳದೆ ತಲೆ ತಗ್ಗಿಸಿದ್ದನ್ನು ಕಂಡು ಅಣ್ಣ ತಾನು ಸರಿದು, "ಬಾ ತಮ್ಮಾ, ಇಲ್ಲಿ ಜಾಗ ಅದ" ಎಂದ.

ಆಗ ಎದ್ದು ನಿಂತೆ. ಕೂಸನ್ನು ಬದುಕಿಸಿದ, ನನ್ನಂಥವನನ್ನೂ ಬಿಡದ ಕರ್ತನಿಗೆ ಸ್ತೋತ್ರ. ಎರಡು ಮನೆಯ ಊಟ ಮಾಡುವವನಿಗೆ ಯಾವ ಮನೆಯೂ ತನ್ನದಲ್ಲ ಎಂದು ನಾನು ಕಲಿತೆ. ಇನ್ನು ನನ್ನ ಕೈ ಆತನದು. ವೈನಿ ನನ್ನನ್ನು ನೋಡಲಿಲ್ಲ. ಅವಳ ಮಡಿಲಲ್ಲಿದ್ದ ರೂತ ಮಾತ್ರ ನನ್ನ ತುಟಿಗಳನ್ನೇ ನೋಡುತ್ತಿದ್ದಳು. ನಾನು ಎಲ್ಲರಿಗೂ ಕೇಳುವಂತೆ ಹೇಳಿದೆ:

"ಅಣ್ಣಾ, ವೈನೀ, ನೀವು ಕೈ ಮುಗದ್ರೂ ನಾ ನಿಲ್ಸಲಿಲ್ಲ. ನೀವು ಅಳ್ಕೋತ ಹೋಗಾಗ ನಾ ನಕ್ಕೀನಿ. ರೂತವ್ವಾ, ನಿನಗ ಕೇಳಂಗಿಲ್ಲ, ಆದ್ರೂ ಹೇಳ್ತೀನವ್ವಾ. ತಪ್ಪಾತು. ನಂದು ತಪ್ಪಾತು."