ಭೌತಶಾಸ್ತ್ರ ವಿಭಾಗದ ಕರಿ ಪರದೆಗಳು

ಹೋದ ವಾರ ಇಳಕಲ್ಲಿನ ಸ್ಟುಡಿಯೊವೊಂದರಲ್ಲಿ ಕಾಯುತ್ತ ಕುಳಿತಿದ್ದೆ. ಒಳಬಾಗಿಲು ತೆರೆದಾಗ ಫೋಟೊ ತೊಳೆಯುವ ಹೈಪೊದ ಹುಳಿ ವಾಸನೆ ಬಂತು. ನಮ್ಮ ಕಾಲೇಜಿನ ಫೋಟೊ ಸರ್ ನೆನಪಾದರು. ಹಿಂದೆಯೇ ಸಿಟ್ಟೂ ಬಂತು.

ಬಾಗಲಕೋಟೆಯ ಕಾಲೇಜಿನಲ್ಲಿ ಅವರದು ಗುರುತಿನ ಚೀಟಿಯ ಫೋಟೊ, ಗ್ರೂಪ್ ಫೋಟೊ, ಅತಿಥಿಗಳ ಹಾರತುರಾಯಿಯ ಫೋಟೊ ತೆಗೆಯುವ ನೌಕರಿ. ಸಂಜೆ ಆಸಕ್ತರಿಗೆ ಫೋಟೊ ತೊಳೆಯುವುದನ್ನು ಕಲಿಸುತ್ತಿದ್ದರು. ಹೋದ ಒಬ್ಬಳೇ ಹುಡುಗಿ ನಾನು. ಕತ್ತಲೆ ಕೋಣೆಯ ಬಾಗಿಲು ಹಾಕಲೇಬೇಕು. ಒಳಗೆ ಹುಡುಗಿಯಿದ್ದರೆ ಹಾಕುವಂತಿಲ್ಲ. ಅವರು ಬಾಗಿಲನ್ನೇ ಕಳಚಿಸಿ, ಭೌತಶಾಸ್ತ್ರ ವಿಭಾಗದಿಂದ ತಂದ ಎರಡು ದಪ್ಪ ಕರಿ ಪರದೆಗಳನ್ನು ಒಂದರ ಹಿಂದೊಂದು ಇಳಿಬಿಟ್ಟರು. ಹೊರಗೆ ಲೇಡೀಸ್ ರೂಮಿನ ಆಯಾ ಕಾವಲು.

“ಒಳಗ ಅದೀ ಏನವಾ?”

“ಅದೀನಿ. ಎಲ್ಲಿ ಹೋಗ್ಲಿಬೇ?”

ಬೆಂಗಳೂರಿನ ಫೋಟೊಗ್ರಫಿ ಡಿಪ್ಲೊಮಾಕ್ಕೆ ಅರ್ಜಿ ಹಾಕಲು ಹೇಳಿದವರು ಅವರೇ. ಸ್ವಂತ ಕೈಯಿಂದ ತೊಳೆದ ಚಿತ್ರಗಳನ್ನು ಕಳಿಸಬೇಕಿತ್ತು. ಚೊಳಚಗುಡ್ಡದ ಹೊಂಡದ ಕಟ್ಟೆಯ ಮೇಲೆ ಸೀರೆ ಒಣಗಿಸುವ ಹೆಂಗಸರನ್ನು ತೆಗೆದಿದ್ದೆ. ಅವರು ಕಾಗದದ ಮೇಲೆ ಮೂಡುವುದಷ್ಟೇ ಬಾಕಿ...

ಅಷ್ಟರಲ್ಲಿ ಎಪ್ಪತ್ತೊಂದರ ಯುದ್ಧ ಶುರುವಾಯಿತು. ಕಿಟಕಿಯಿಂದ ಬೆಳಕು ಹೊರಬೀಳಬಾರದೆಂದು ಪ್ರಿನ್ಸಿಪಾಲರು ನಮ್ಮ ಪರದೆಗಳನ್ನು ತಮ್ಮ ಕೋಣೆಗೆ ಕಟ್ಟಿಸಿಕೊಂಡರು.

“ಸರ್, ಬಾಗಲಕೋಟಿ ಮ್ಯಾಲೆ ಬಾಂಬ್ ಯಾರ್ ಹಾಕ್ತಾರ್ರಿ?” ಎಂದರು ಫೋಟೊ ಸರ್.

“ಹಾಕಿದ್ರ ನೀವು ಫೋಟೊ ತಗೀತೀರೇನ್ರಿ?”

ಕತ್ತಲೆ ಕೋಣೆಗೆ ಮತ್ತೆ ಬಾಗಿಲು ಬಂತು. ನಾನು ಹೊರಗುಳಿದೆ; ಹುಡುಗರ ಕಲಿಕೆ ನಡೆದೇ ಇತ್ತು.

“ನಾನೇ ತೊಳದ ಕೊಡ್ತೇನವಾ,” ಎಂದರು ಫೋಟೊ ಸರ್ ನನಗೆ.

“ಅದು ನಿಮ್ಮ ಕೈಯಿಂದ ಆಗಿದ್ದಾಗ್ತದ್ರಿ ಸರ್.”



ಯುದ್ಧ ಬೇಗ ಮುಗಿಯಿತು. ಅರ್ಜಿಗೆ ಇನ್ನೂ ಸಮಯವಿತ್ತು. ಸರ್ ಪರದೆ ಕೇಳಲು ಹೋದರು. ನಾನು ವರಾಂಡದಲ್ಲಿ ನಿಂತಿದ್ದೆ.

“ಇರ್ಲಿ ಬಿಡ್ರಿ, ಮಧ್ಯಾಹ್ನದ ಬಿಸಲ ಛಲೋ ತಡೀತಾವ,” ಎಂದರು ಪ್ರಿನ್ಸಿಪಾಲರು.

“ಆತ್ರಿ,” ಎಂದು ಹೊರಬಂದುಬಿಟ್ಟರು ನಮ್ಮ ಸರ್. ಅಷ್ಟೇ. ಎರಡನೇ ಸಲ ಕೇಳಲಿಲ್ಲ. ಪರದೆಗೆ ನಾನೇ ಬೇರೆ ಬಟ್ಟೆ ತರುತ್ತೇನೆಂದರೆ, “ಪ್ರಿನ್ಸಿಪಾಲರ ಮನಸ್ಸಿಗೆ ಬರೂದಿಲ್ಲವಾ,” ಎಂದರು. ಅರ್ಜಿಯ ಕೊನೆಯ ದಿನ ಹಾಗೆಯೇ ಕಳೆಯಿತು. ಪ್ರಿನ್ಸಿಪಾಲರ ಮೇಲೆ ಬಂದ ಸಿಟ್ಟು ಎಂದೋ ಇಳಿಯಿತು. ಆ “ಆತ್ರಿ”ಯ ಮೇಲಿನದು ಇಳಿದಿಲ್ಲ. ಬಾಗಿಲನ್ನೇ ಕಳಚಿಸಿದ್ದ ಮನುಷ್ಯ ಅವರು...

ಫೋಟೊ ಸರ್ ಬಾದಾಮಿಯಲ್ಲಿ ತೀರಿಕೊಂಡು ಎರಡು ವರ್ಷವಾಯಿತಂತೆ. ಸ್ಟುಡಿಯೊದವರು ಹೇಳಿದರು. ಯಾಕೆ ಮತ್ತೆ ಕೇಳಲಿಲ್ಲವೆಂದು ಇನ್ನು ವಿಚಾರಿಸುವಂತಿಲ್ಲ.

ಈಗ ನಾನು ಹುನಗುಂದದ ಶಾಲೆಯಲ್ಲಿ ಮಕ್ಕಳಿಗೆ ಮಸೂರದ ಪಾಠ ಮಾಡುತ್ತೇನೆ. ಕಾಗದದ ಮೇಲೆ ಚಿತ್ರ ಹೇಗೆ ಮೂಡುತ್ತದೆಂದು ಹುಡುಗಿಯರು ಕೇಳುತ್ತಾರೆ. ನಮ್ಮಲ್ಲಿ ಕತ್ತಲೆ ಕೋಣೆಯಿಲ್ಲ. ನಾನು ಸೀಮೆಸುಣ್ಣ ತೆಗೆದುಕೊಂಡು ಬೋರ್ಡಿನ ಮೇಲೆ ಬರೆದು ತೋರಿಸುತ್ತೇನೆ.