ಹೊಸ್ತಿಲಿಗೆ ಅಡ್ಡವಾದ ಕಾಲು

ನನ್ನ ಬಲಗಾಲು ಮಡಚುವುದಿಲ್ಲ. ಇದನ್ನು ಅಳುತ್ತಾ ಹೇಳುವ ಕಾಲ ಮುಗಿದು ವರ್ಷಗಳಾದವು. ಹರಿಹರದಿಂದ ದಾವಣಗೆರೆಗೆ ಗಂಡನ ಬೈಕಿನ ಹಿಂದೆ ಒಂದೇ ಕಡೆ ಕಾಲು ಹಾಕಿ ಕೂತು ಬರುತ್ತಿದ್ದೆ. ರಸ್ತೆಯಲ್ಲಿ ಬಣ್ಣ ಬಳಿಯದ ಒಂದು ಹಂಪು ಬಂತು, ನಾನು ಬಿದ್ದೆ, ಬೈಕು ಮೊಣಕಾಲಿನ ಮೇಲೆ ಬಿತ್ತು. ರಾಡು ಹಾಕಿ ಮೂಳೆ ಕೂಡಿಸಿದರು, ಮಂಡಿ ಮಾತ್ರ ಹಠ ಬಿಡಲಿಲ್ಲ. ಹಠದಲ್ಲಿ ನಾನೇನು ಕಡಿಮೆಯೇ? ನಿಟ್ಟುವಳ್ಳಿಯ ನನ್ನ ಹೊಲಿಗೆ ಅಂಗಡಿಯಲ್ಲಿ ಮಷಿನ್ನಿಗೆ ಮೋಟಾರು ಹಾಕಿಸಿ ಎಡಗಾಲಲ್ಲಿ ಒತ್ತುವುದು ಕಲಿತೆ. ಆಟೋದಲ್ಲಿ ಕಾಲು ಅಡ್ಡ ಬಂತೆಂದು ಯಾರಾದರೂ ಗೊಣಗಿದರೆ ನೀವೇ ಸರಿದು ಕೂಡ್ರಿ ಎನ್ನುತ್ತೇನೆ. ಸರಿಯುತ್ತಾರೆ.

ಫಜೀತಿ ಇರುವುದು ನೆಲದ ಮೇಲೆ ಕೂರುವುದರಲ್ಲಿ. ನಮ್ಮಲ್ಲಿ ಹಿರಿಯರ ಕಡೆಗೆ ಕಾಲು ಚಾಚಬಾರದು. ಹಾಗಂತ ಹಿರಿಯರು ಜಮಖಾನದ ಮೇಲೆ ಕೂತಾಗ ನಾವು ಕುರ್ಚಿ ಹಾಕಿಕೊಳ್ಳುವುದೂ ಸರಿಯಲ್ಲ.

ಹೋದ ವರ್ಷ ಹರಿಹರದ ಗಂಡಿನ ಕಡೆಯವರು ನನ್ನ ಮಗಳ ಮದುವೆಯ ಮಾತು ಮುಗಿಸಲು ನಮ್ಮ ಮನೆಗೆ ಬಂದರು. ಹುಡುಗ ಹುಡುಗಿ ಆಗಲೇ ಮನಸ್ಸು ಕೊಟ್ಟುಕೊಂಡಿದ್ದರು, ಹುಡುಗನ ಅಜ್ಜ ಹೂಂ ಅನ್ನುವುದೊಂದೇ ಬಾಕಿ. ಆ ಅಜ್ಜನೋ, ಯಾರೋ ಎಡಗೈಯಲ್ಲಿ ಚಹಾ ಕೊಟ್ಟರೆಂದು ಒಂದು ಸಂಬಂಧವನ್ನೇ ಬಿಟ್ಟು ಎದ್ದು ಬಂದವರಂತೆ. ಅದಕ್ಕೇ ನನ್ನ ಗಂಡನ ಅಣ್ಣ, ಅಂದರೆ ಭಾವ, ಹಿಂದಿನ ದಿನವೇ ಬುದ್ಧಿ ಹೇಳಿದ್ದರು: ನೀನು ಅಡಿಗೆಮನೆ ಕಡೆ ಇದ್ದುಬಿಡು, ಮಾತುಕತೆ ನಾವು ನೋಡಿಕೊಳ್ಳುತ್ತೇವೆ. ಹೆತ್ತವಳು ಒಲೆಯ ಮುಂದೆ, ಇವರು ಜಮಖಾನದ ಮೇಲೆ! ನನಗೆ ಮೈಯೆಲ್ಲ ಉರಿಯಿತು. ಆದರೂ ನನ್ನ ಹಠದಿಂದ ಮಗಳ ಮದುವೆ ಮುರಿದರೆ ಏನು ಗತಿ ಎಂಬ ಹೆದರಿಕೆ ಹೊಟ್ಟೆಯೊಳಗೆ ಇದ್ದೇ ಇತ್ತು.

ಕೊನೆಗೆ ಒಂದು ಉಪಾಯ ಹೊಳೆಯಿತು. ಎಲ್ಲರೂ ಕೂತ ಮೇಲೆ ನಾನು ಹೋಗಿ ಮುಂಬಾಗಿಲ ಪಕ್ಕ ಗೋಡೆಗೆ ಒರಗಿ ಕೂತೆ. ಕಾಲು ಹೊಸ್ತಿಲ ಗುಂಟ ಚಾಚಿತ್ತು, ಯಾರ ಕಡೆಗೂ ತಿರುಗಿರಲಿಲ್ಲ. ಎಷ್ಟು ಜಾಣೆ ನಾನು ಅಂದುಕೊಂಡು ಸೆರಗು ಸರಿಮಾಡಿಕೊಂಡೆ.

ಎಲೆ ಅಡಿಕೆ ಉಗುಳಿ ಬಾಯಿ ತೊಳೆಯಲು ಅಜ್ಜ ಹೊರಗೇ ಉಳಿದಿದ್ದರು. ಅದು ನನಗೆ ಗೊತ್ತಿರಲಿಲ್ಲ. ಅವರು ಬಂದು ಬಾಗಿಲಲ್ಲಿ ನಿಂತರು. ಮುಂದೆ ನನ್ನ ಕಾಲು, ಅಡ್ಡಕ್ಕೆ. ಕೂತವರ ಕಾಲು ದಾಟಬಾರದು, ದಾಟಿದರೆ ಬೆಳೆಯುವುದಿಲ್ಲ ಎಂದು ಮಕ್ಕಳಿಗೆ ಹೇಳಿಕೊಡುವವರೇ ನಾವು. ಇನ್ನು ನಾನು ಏಳಬೇಕೆಂದರೆ ಇಬ್ಬರು ಹಿಡಿದೆತ್ತಬೇಕು. ಒಳಗೆ ಮಾತು ನಿಂತುಹೋಯಿತು. ಭಾವ ನನ್ನನ್ನು ನೋಡಿದ ನೋಟಕ್ಕೆ ಹಾಲು ಒಡೆಯಬೇಕು.

ಹೆದರಿಕೆ ಹೆಚ್ಚಾದರೆ ನನಗೆ ಬಾಯಿ ಜೋರಾಗುತ್ತದೆ. "ದಾಟ್ರಿ ಅಜ್ಜಾರೆ," ಅಂದೆ. "ಇದು ಇನ್ನ ಬೆಳೆಯೋ ಕಾಲಲ್ಲ."

ಅಜ್ಜ ನಗಲಿಲ್ಲ. "ದಾಟಲ್ಲ ತಾಯಿ," ಎಂದವರೇ ಹೊರಗಿನ ಮೆಟ್ಟಿಲ ಮೇಲೆ, ನನ್ನ ಪಾದದ ಪಕ್ಕದಲ್ಲೇ, ಕೂತುಬಿಟ್ಟರು. ಮಾತು ನಡೆಯಲಿ ಎಂದು ಒಳಗಿನವರಿಗೆ ಕೈಸನ್ನೆ ಮಾಡಿದರು. ಮದುವೆ ಎಲ್ಲಿ, ಯಾವ ತಿಂಗಳು ಎಂದು ಒಳಗಿನವರು ಕೂಗಿ ಕೇಳುವುದು, ಇವರು ಹೊರಗಿನಿಂದ ಹೂಂ ಎನ್ನದೆ ಉಹೂಂ ಎನ್ನದೆ ಕೂರುವುದು, ಹೀಗೇ ನಡೆಯಿತು.

ನಡುವೆ ಅವರು ನನ್ನ ಕಡೆ ಬಾಗಿದರು. "ನೋಯ್ತದೇನು?"

ಯಾರು ಕೇಳಿದರೂ ಆರಾಮ ಇದೀನಿ ಎನ್ನುವವಳು ನಾನು, ಗಂಡನಿಗೂ ಅದೇ ಉತ್ತರ. ಅವತ್ತು ಸುಳ್ಳು ಬಾಯಿಗೆ ಬರಲಿಲ್ಲ.

"ದಿನಾ ನೋಯ್ತದ್ರಿ," ಅಂದೆ.

ಅಜ್ಜ ಒಳಗೆ ಕೂತಿದ್ದ ತಮ್ಮ ಮಗನಿಗೆ ಕೇಳುವಂತೆ ಹೇಳಿದರು: "ನಮ್ ಮನೆ ಕಟ್ಟೆ ಎತ್ತರ ಐತೆ. ಬೀಗ್ತಿ ಬಂದಾಗ ಕೆಳಗೆ ಕೂಡ್ಸಬ್ಯಾಡ್ರಿ, ನನ್ ಪಕ್ಕ ಕಟ್ಟೆ ಮ್ಯಾಲೆ ಕೂಡ್ಲಿ."

ಬೀಗ್ತಿ ಅಂದರು, ಅಂದರೆ ಹೂಂ ಅಂದಂತೆಯೇ. ಭಾವ ತಡಮಾಡದೆ ತಾಂಬೂಲದ ತಟ್ಟೆ ಎತ್ತಿಕೊಂಡರು. ಒಳಕೋಣೆಯ ಬಾಗಿಲಲ್ಲಿ ಮಗಳು ನನ್ನನ್ನೇ ನೋಡುತ್ತಾ ನಿಂತಿದ್ದಳು. ನನಗೆ ಅಳು ತಡೆಯಲಾಗಲಿಲ್ಲ.